ಕೊಡಗಿನ ವೈನ್ ಟ್ರೇಲ್: ನಾಲ್ಕು ದಿನ, ಎರಡು ಬಾಡಿಗೆ ಸೈಕಲ್, ಒಂದು ಭರಣಿ ನೆಲ್ಲಿಕಾಯಿ ವೈನ್

ಮೊದಲೇ ಹೇಳ್ಬಿಡ್ತೀನಿ, ನಾನು ಕುಶಾಲನಗರದವಳು. ಅಪ್ಪ ಕೂಡ್ಲೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗುಮಾಸ್ತರಾಗಿದ್ರು, ನಾನೀಗ ಮೈಸೂರಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡ್ಕೊಂಡಿದೀನಿ. ಅಂಥವಳು ಕೊಡಗು ನೋಡೋಕೆ ತಲೆಗೆ 13,800 ರೂಪಾಯಿ ಕೊಟ್ಟು ಟೂರ್ ಪ್ಯಾಕೇಜ್ ತಗೊಂಡೆ ಅಂದ್ರೆ ನಗ್ತೀರಿ, ಗೊತ್ತು. ಅಮ್ಮನೂ ನಕ್ಕಳು. "ನಮ್ಮೂರು ನೋಡೋಕೆ ನೀವೇ ದುಡ್ಡು ಕೊಡ್ತೀರಾ? ಆ ದುಡ್ಡು ಇಲ್ಲಿ ಕೊಡಿ, ನಾನೇ ಬಸ್ಸಲ್ಲಿ ಕರ್ಕೊಂಡು ಹೋಗಿ ತೋರಿಸ್ತೀನಿ" ಅಂದಳು. ಬುಕ್ ಮಾಡಿದ್ದು ನಾನಲ್ಲ, ಬೆಂಗಳೂರಲ್ಲಿರೋ ನನ್ನ ತಂಗಿ. ಆಫೀಸಲ್ಲಿ ಯಾರೋ ಹೇಳಿದ್ರಂತೆ, ಕೊಡಗಲ್ಲಿ ವೈನ್ ಟ್ರೇಲ್ ಅಂತ ಮಾಡ್ತಾರೆ, ಸೈಕಲ್ ತುಳಿಯೋದು, ನಡೆಯೋದು, ಸಂಜೆ ಹೊತ್ತು ವೈನ್ ಟೇಸ್ಟಿಂಗ್, ಬ್ಯಾಗ್ ಹೊತ್ಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗೋದು. ಮೂರು ರಾತ್ರಿ, ನಾಲ್ಕು ದಿನ, ಎರಡು ಹೊತ್ತು ಊಟ, ಗೇರ್ ಸೈಕಲ್, ಹೆಲ್ಮೆಟ್, ಒಬ್ಬ ಗೈಡ್, ಲಗೇಜ್ ಜೀಪು, ಒಟ್ಟು ಆರು ಟೇಸ್ಟಿಂಗ್.

ನಡೆಸೋರ ಹೆಸರು ಬರೆಯಲ್ಲ. ಹುಡುಗರು ಹೊಸಬರು, ಕಲೀತಾರೆ. ಹಾಗಂತ ಆದದ್ದನ್ನ ಮುಚ್ಚಿಡೋದೂ ಇಲ್ಲ.

ಜಾಹೀರಾತಲ್ಲಿದ್ದ ಫೋಟೋದಿಂದಲೇ ಶುರು ಮಾಡೋಣ. ಹೊಂಬಿಸಿಲು, ಸಾಲು ಸಾಲು ದ್ರಾಕ್ಷಿ ಚಪ್ಪರ, ಮಧ್ಯ ಒಬ್ಬಳು ಹುಲ್ಲಿನ ಟೋಪಿ ಹಾಕ್ಕೊಂಡು ಸೈಕಲ್ ಹೊಡೀತಿದಾಳೆ. ಅದು ಕೊಡಗಲ್ಲ ಸ್ವಾಮಿ. ಯಾವ ದೇಶವೋ ಏನೋ, ಕೊಡಗಂತೂ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತೆ, ಭಾಗಮಂಡಲದ ಕಡೆ ಅದಕ್ಕಿಂತಲೂ ಜಾಸ್ತಿ. ದ್ರಾಕ್ಷಿಗೆ ಬೇಕಾಗಿರೋದು ಒಣ ಹವೆ, ಚೆನ್ನಾಗಿ ಬಿಸಿಲು. ಎಲೆ ಸದಾ ಒದ್ದೆ ಇದ್ರೆ ಬೂಜು ರೋಗ ಬಂದು ತೋಟ ತಿಂಗಳಲ್ಲಿ ಕಪ್ಪಾಗುತ್ತೆ. ಅದಕ್ಕೇ ನಮ್ಮ ರಾಜ್ಯದ ದ್ರಾಕ್ಷಿ ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆ, ಇಲ್ಲಾಂದ್ರೆ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ. ಮಡಿಕೇರಿ ಅಂಗಡಿಗಳಲ್ಲಿ 'ಹೋಂ ಮೇಡ್ ಗ್ರೇಪ್ ವೈನ್' ಅಂತ ಸಿಗುತ್ತಲ್ಲ, ಅದರ ದ್ರಾಕ್ಷಿ ಘಟ್ಟ ಹತ್ತಿ ಬಂದದ್ದು, ಸಾಮಾನ್ಯವಾಗಿ ಬೆಂಗಳೂರು ನೀಲಿ ದ್ರಾಕ್ಷಿ. ಕೊಡಗಿನದ್ದೇ ಅಂತ ಹೇಳಬಹುದಾದ ವೈನ್ ಬೇರೆ ಇದೆ. ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಕಿತ್ತಳೆ, ಶುಂಠಿ, ಕಾಳುಮೆಣಸು, ವೀಳ್ಯದೆಲೆ, ಅಕ್ಕಿ, ನೇರಳೆ, ಒಬ್ರಂತೂ ಗಾಂಧಾರಿ ಮೆಣಸಿನಕಾಯಿದೂ ಮಾಡ್ತಾರೆ, ಕುಡಿದ್ರೆ ಕಿವಿಯಿಂದ ಹೊಗೆ. ದ್ರಾಕ್ಷಿತೋಟದ ಫೋಟೋ ತೆಗೆದು ಇದನ್ನೇ ಬರೆದಿದ್ರೆ ಜನ ಇನ್ನೂ ಖುಷಿಯಿಂದ ಬರ್ತಿದ್ರು ಅಂತ ನನಗನ್ಸುತ್ತೆ.

ಫೆಬ್ರವರಿ ಎರಡನೇ ವಾರ ಹೋದ್ವಿ. ಸೀಸನ್ ಆಯ್ಕೆಗೆ ಮಾತ್ರ ನೂರಕ್ಕೆ ನೂರು ಕೊಡ್ತೀನಿ. ಬೆಳಗ್ಗೆ ಸ್ವೆಟರ್ ಚಳಿ, ಹತ್ತು ಗಂಟೆಗೆ ಚುರುಕು ಬಿಸಿಲು, ಮಳೆ ಇಲ್ಲ, ಜಿಗಣೆ ಇಲ್ಲ (ಜುಲೈನಲ್ಲಿ ಇದೇ ದಾರಿಯಲ್ಲಿ ನಡೆದ್ರೆ ಸಾಕ್ಸ್ ಹಿಂಡಿದ್ರೆ ರಕ್ತ ಬರುತ್ತೆ). ಅರೇಬಿಕಾ ಕೊಯ್ಲು ಮುಗ್ದಿತ್ತು, ರೋಬಸ್ಟಾ ನಡೀತಿತ್ತು, ಎಲ್ಲ ಕಣದಲ್ಲೂ ಹಣ್ಣು ಹರಡಿ ಒಣಗಿಸ್ತಿದ್ರು, ಆ ಹುಳಿ ಹುಳಿ ವಾಸನೆ ನನಗೆ ಅಪ್ಪನ ಅಂಗಿ ವಾಸನೆ.

ಮೊದಲನೇ ದಿನ ಮಡಿಕೇರಿಯಲ್ಲಿ ಬಸ್ ಇಳಿದು ಬೆಳಗ್ಗೆ ಒಂಬತ್ತೂವರೆಗೆ ಸೇರಿದ್ವಿ. ನಮ್ಮ ಜೊತೆ ಇನ್ನೊಂದು ಜೋಡಿ, ದಾವಣಗೆರೆಯವರು, ಮದುವೆಯಾಗಿ ಆರು ತಿಂಗಳಂತೆ, ಸೈಕಲ್ಲಿಗಿಂತ ಒಬ್ಬರನ್ನೊಬ್ಬರು ನೋಡ್ಕೊಂಡಿದ್ದೇ ಜಾಸ್ತಿ. ಗೈಡ್ ಹುಡುಗ ಭಾಗಮಂಡಲದ ಕಡೆಯವನು, ಮನೆಮಾತು ಅರೆಭಾಷೆ, ವಯಸ್ಸು ಇಪ್ಪತ್ತನಾಲ್ಕು ಇರಬಹುದು. ಮೊದಲ ಒಂದು ಗಂಟೆ ಮೇಡಂ ಮೇಡಂ ಅಂತಿದ್ದ, ನಾನು ಕುಶಾಲನಗರ ಅಂದ ಮೇಲೆ ಅಕ್ಕ ಆದೆ. ಈ ಇಡೀ ಪ್ಯಾಕೇಜಿನಲ್ಲಿ ಕೊಟ್ಟ ದುಡ್ಡಿಗೆ ಸರಿಯಾಗಿ ಸಿಕ್ಕಿದ್ದು ಅಂದ್ರೆ ಈ ಹುಡುಗ.

ಮೊದಲ ಟೇಸ್ಟಿಂಗ್ ಎಲ್ಲಿ ಅಂದ್ಕೊಂಡ್ರಿ? ಒಂದು ಸ್ಪೈಸಸ್ ಅಂಗಡಿ. ಜೇನು, ಏಲಕ್ಕಿ, ಚಾಕಲೇಟು, ಮೂಲೆಯಲ್ಲಿ ಒಂದು ಕೌಂಟರು, ಅದರ ಮೇಲೆ ಒಂಬತ್ತು ಬಾಟ್ಲು. ಔಷಧಿ ಅಳೆಯೋ ಮುಚ್ಚಳದಷ್ಟು ಪ್ಲಾಸ್ಟಿಕ್ ಕಪ್ಪಿನಲ್ಲಿ ಒಂದಾದ ಮೇಲೊಂದು ಹಾಕಿ ಕೊಡ್ತಾರೆ, ನಾವು ಹಾಂ ಹಾಂ ಅಂತ ತಲೆ ಆಡಿಸ್ಬೇಕು, ಆಮೇಲೆ ಎಷ್ಟು ಬಾಟ್ಲು ಪ್ಯಾಕ್ ಮಾಡ್ಲಿ ಅಂತ ಕೇಳ್ತಾರೆ. ಇದಕ್ಕೆ ದುಡ್ಡು ಕೊಡದ ಟೂರಿಸ್ಟಿಗೂ ಇದೇ ಕಪ್ಪು, ಇದೇ ಪ್ರಶ್ನೆ. ಒಂಬತ್ತೂ ಒಂದೇ ಥರ ಸಿಹಿ. ಕಣ್ಣು ಮುಚ್ಚಿಸಿ ಕೊಟ್ಟಿದ್ರೆ ಶುಂಠಿ ಒಂದನ್ನ ಬಿಟ್ಟು ಬೇರೆ ಯಾವುದನ್ನೂ ಗುರುತು ಹಿಡೀತಿರಲಿಲ್ಲ. ಶುಂಠಿದು ಮಾತ್ರ ಗಂಟಲಿಗೆ ಹಿತವಾಗಿತ್ತು, ಕೆಮ್ಮಿಗೆ ಅಜ್ಜಿ ಮಾಡ್ಕೊಡೋ ಕಷಾಯಕ್ಕೆ ಸ್ವಲ್ಪ ಕಿಕ್ ಕೊಟ್ಟ ಹಾಗೆ. ಬಾಟ್ಲು ತಿರುಗಿಸಿ ನೋಡಿದೆ, ಅಭ್ಯಾಸ ಬಲ. ಯಾವತ್ತು ಮಾಡಿದ್ದು ಅಂತಿಲ್ಲ, ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅಂತಿಲ್ಲ, ಮಾಡಿದವರ ವಿಳಾಸ ಇಲ್ಲ. ಕೇಳಿದ್ರೆ "ನ್ಯಾಚುರಲ್ ಮೇಡಂ" ಅಂದ್ರು. ನ್ಯಾಚುರಲ್ ಅನ್ನೋದು ಯಾವ ಅಳತೆಯಪ್ಪಾ?

ಇದೆಲ್ಲ ಮುಗಿಯೋ ಹೊತ್ತಿಗೆ ಹನ್ನೊಂದು. ಮುಂದಿನ ಕಾರ್ಯಕ್ರಮ ಏನು ಅಂದ್ರೆ ಸೈಕಲ್ ಹತ್ತೋದು. ಮಡಿಕೇರಿ ಬಿಟ್ಟ ಕೂಡ್ಲೇ ಇಳಿಜಾರು, ತಿರುವಿನ ಮೇಲೆ ತಿರುವು, ಎದುರಿಂದ ಖಾಸಗಿ ಬಸ್ಸು. ಖಾಲಿ ಹೊಟ್ಟೆಗೆ ಒಂಬತ್ತು ಕಪ್ ಸಿಹಿ ವೈನ್ ಇಳಿಸಿ ಜನರನ್ನ ಈ ರೋಡಿಗೆ ಬಿಡೋ ಪ್ಲಾನ್ ಯಾವ ಪುಣ್ಯಾತ್ಮ ಮಾಡಿದ್ನೋ. ಕಪ್ಪು ಚಿಕ್ಕದು ನಿಜ, ಆದ್ರೂ ದಾವಣಗೆರೆ ಹುಡುಗಿ ಮುಖ ಕೆಂಪಾಗಿತ್ತು. ಗೈಡ್ ಹುಡುಗನೇ ಬುದ್ಧಿವಂತ, ಆಫೀಸಿಗೆ ಹೇಳ್ದೆ ಕೇಳ್ದೆ ನಮ್ಮನ್ನ ಒಂದು ಹೋಟ್ಲಿಗೆ ನುಗ್ಗಿಸಿ ನೂಲುಪುಟ್ಟು (ಅಕ್ಕಿ ಶಾವಿಗೆ), ಕಡಲೆ ಕರಿ ತಿನ್ನಿಸಿ, ಒಂದು ಗಂಟೆ ಕೂರಿಸಿ ಆಮೇಲೆ ಹೊರಡಿಸಿದ. ನೀವು ಇವರದ್ದೇ ಆಗ್ಲಿ ಬೇರೆಯವರದ್ದೇ ಆಗ್ಲಿ ಇಂಥ ಪ್ಯಾಕೇಜ್ ತಗೊಂಡ್ರೆ ಇದೊಂದನ್ನ ಮೊದಲೇ ಜಗಳ ಮಾಡಿ ಬದಲಾಯಿಸ್ಕೊಳ್ಳಿ, ಟೇಸ್ಟಿಂಗ್ ಏನಿದ್ರೂ ಸೈಕಲ್ ಒಳಗಿಟ್ಟ ಮೇಲೆ.

ಸೈಕಲ್ ಬಗ್ಗೆ. ನನ್ನದರ ಫ್ರೇಮ್ ಚೆನ್ನಾಗಿತ್ತು, ಇಪ್ಪತ್ತೊಂದು ಗೇರ್ ಅಂತ ಬರೆದಿತ್ತು, ಕೆಲಸ ಮಾಡ್ತಿದ್ದದ್ದು ಹತ್ತೋ ಹನ್ನೊಂದೋ. ತಂಗಿದರ ಹಿಂದಿನ ಬ್ರೇಕ್ ಒತ್ತಿದ್ರೆ ಹಂದಿ ಕಿರುಚಿದ ಹಾಗೆ ಸದ್ದು, ಬೆಟ್ಟಗೇರಿ ತಲುಪೋ ಹೊತ್ತಿಗೆ ರೋಡ್ ಪಕ್ಕದ ನಾಯಿಗಳೆಲ್ಲ ಅವಳ ಹಿಂದೆ. ಸೀಟು ಕಲ್ಲು. ಪ್ಯಾಡ್ ಇರೋ ಶಾರ್ಟ್ಸ್ ತಂದ್ಕೊಳ್ಳಿ ಅಂತ ಒಂದು ಮೆಸೇಜ್ ಹಾಕೋಕೆ ಏನು ಕಷ್ಟ ಇತ್ತು, ಮೂರನೇ ದಿನ ನಾನು ನಿಂತ್ಕೊಂಡು ತಿಂಡಿ ತಿಂದೆ.

ಭಾಗಮಂಡಲಕ್ಕೆ ಹತ್ತಿರ ಹತ್ತಿರ 40 ಕಿಲೋಮೀಟರ್. ಬೆಟ್ಟಗೇರಿ, ಚೇರಂಬಾಣೆ ದಾಟಿ ಹೋಗೋ ದಾರಿ. ಕಾರಲ್ಲಿ ಎಷ್ಟು ಸಲ ಹೋಗಿದೀನಿ ಲೆಕ್ಕ ಇಲ್ಲ, ತುಲಾ ಸಂಕ್ರಮಣಕ್ಕೆ ಅಪ್ಪ ತಪ್ಪದೆ ತಲಕಾವೇರಿಗೆ ಕರ್ಕೊಂಡು ಹೋಗ್ತಿದ್ರು. ಕಾರಲ್ಲಿ ಹೋಗೋವಾಗ ಈ ದಾರಿಗೆ ವಾಸನೆ ಇದೆ ಅಂತಲೇ ಗೊತ್ತಿರ್ಲಿಲ್ಲ. ಚೇರಂಬಾಣೆ ದಾಟಿದ ಮೇಲೆ ಒಂದು ತೋಟಕ್ಕೆ ಸ್ಪ್ರಿಂಕ್ಲರ್ ಹೊಡೆದು ವಾರ ಆಗಿತ್ತೇನೋ, ರೋಬಸ್ಟಾ ಹೂ ಬಿಟ್ಟಿತ್ತು. ಕಾಫಿ ಹೂವಿಗೆ ಒಂದು ಮಳೆ ಬೇಕು, ಮಳೆ ಬರದಿದ್ರೆ ಪಂಪ್ ಹಾಕಿ ನೀರು ಕೊಡ್ತಾರೆ, ಆದ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಬೆಳ್ಳಗಾಗುತ್ತೆ, ಎರಡು ಮೂರು ದಿನಕ್ಕೆ ಬಾಡಿಹೋಗುತ್ತೆ. ನಾವು ಸರಿಯಾದ ದಿನಕ್ಕೆ ಹೋಗಿದ್ವಿ. ಮಲ್ಲಿಗೆ ವಾಸನೆಯೇ, ಆದ್ರೆ ಒಂದು ಮೊಳ ಅಲ್ಲ, ಹತ್ತು ಎಕರೆ. ಜೇನುಹುಳದ ಗುಂಯ್ ಸದ್ದು ರೋಡಿಗೆ ಕೇಳ್ತಿತ್ತು. ತಂಗಿ ಸೈಕಲ್ ನಿಲ್ಲಿಸಿ "ಅಕ್ಕಾ, ಇದಕ್ಕೆ ದುಡ್ಡು ವಸೂಲಾಯ್ತು ಕಣೇ" ಅಂದಳು. ಇದು ಆರು ಟೇಸ್ಟಿಂಗ್ ಲೆಕ್ಕದಲ್ಲಿ ಇರ್ಲಿಲ್ಲ.

ಭಾಗಮಂಡಲದಲ್ಲಿ ಉಳಿದ ರಾತ್ರಿ ಬಗ್ಗೆ ಹೇಳೋಕೆ ಏನಿಲ್ಲ. ಸಂಗಮದಲ್ಲಿ ಕಾಲು ಇಳಿಬಿಟ್ಟು ಕೂತ್ವಿ, ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತೆ, ಸುಜ್ಯೋತಿ ಒಳಗೊಳಗೇ ಹರೀತಾಳೆ ಅಂತ ನಂಬಿಕೆ. ಕ್ಷೇತ್ರ ಆದ್ದರಿಂದ ಅಲ್ಲಿ ಟೇಸ್ಟಿಂಗ್ ಇಟ್ಟಿರ್ಲಿಲ್ಲ, ಒಳ್ಳೇದೇ ಮಾಡಿದ್ರು. ಅನ್ನ, ಸಾರು, ಮಜ್ಜಿಗೆ, ಒಂಬತ್ತಕ್ಕೆ ನಿದ್ದೆ.

ಎರಡನೇ ದಿನ ಜೀಪಿನ ಕಥೆ. ಬೆಳಗ್ಗೆ ಏಳಕ್ಕೆ ಬಂದು ಬ್ಯಾಗ್ ತಗೊಂಡು ಹೋಗ್ಬೇಕಿದ್ದ ಜೀಪು ಎಂಟಾದ್ರೂ ಇಲ್ಲ. ಫೋನ್ ಮಾಡಿದ್ರೆ "ಬಂದೆ ಸಾರ್ ಬಂದೆ, ಚೇರಂಬಾಣೆಲಿದೀನಿ", ಒಂಬತ್ತಕ್ಕೂ ಅದೇ ಚೇರಂಬಾಣೆ. ಆಮೇಲೆ ನೆಟ್‌ವರ್ಕ್ ಇಲ್ಲ. ಕೊನೆಗೆ ಗೊತ್ತಾಗಿದ್ದು, ಆ ಜೀಪನ್ನ ಮಾಂದಲಪಟ್ಟಿ ಟ್ರಿಪ್ಪಿಗೆ ಕಳ್ಸಿಬಿಟ್ಟಿದ್ರು, ವೀಕೆಂಡ್ ಅಲ್ವಾ, ಅಲ್ಲಿ ಜಾಸ್ತಿ ದುಡ್ಡು. ಬ್ಯಾಕ್‌ಪ್ಯಾಕಿಂಗ್ ಅಂತ ಹೆಸರಿಟ್ಟಿದ್ದಕ್ಕೆ ನಿಜಕ್ಕೂ ಬ್ಯಾಗ್ ಬೆನ್ನಿಗೆ ಬಂತು. ಎಂಟು ಕಿಲೋ ಬ್ಯಾಗ್ ಬೆನ್ನ ಮೇಲೆ, ಅಯ್ಯಂಗೇರಿ ಕಡೆ ಏರು, ಮೇಲಿಂದ ಬಿಸಿಲು. ಅರ್ಧ ಏರಲ್ಲಿ ನನ್ನ ಚೈನ್ ಕಳಚಿ ಗೇರಿನ ಮಧ್ಯ ಸಿಕ್ಕಾಕ್ಕೊಂಡ್ತು. ಟೂಲ್ ಕಿಟ್ ಎಲ್ಲಿ? ಜೀಪಲ್ಲಿ. ಹುಡುಗ ತೋಟದ ಬೇಲಿಯಿಂದ ಒಂದು ಕಡ್ಡಿ ಮುರಿದು ಚೈನ್ ಮೀಟಿ ಎತ್ತಿದ, ಕೈ ಒರೆಸ್ಕೊಳ್ಳೋಕೆ ಹಾಲುವಾಣದ ಎಲೆ. ಆ ಹೊತ್ತಿಗೆ ಒಂದು ಮನೆಯ ಅಜ್ಜಿ ಗೇಟಿಗೆ ಬಂದು ನಮ್ಮ ನಾಲ್ಕೂ ಜನರ ಅವತಾರ ನೋಡಿ ಬೆಲ್ಲದ ಕಾಫಿ ಕೊಟ್ರು. ಹಾಲಿಲ್ಲ, ಕಪ್ಪಗೆ, ಮೇಲೆ ತೆಳ್ಳಗೆ ನೊರೆ. ಏನು ಪುಡಿ ಅಜ್ಜಿ ಅಂದ್ರೆ "ನಮ್ಮದೇ, ನೆಲಕ್ಕೆ ಬಿದ್ದದ್ದು ಆರಿಸಿ ಹುರಿದದ್ದು" ಅಂದ್ರು.

ಯಾಕೆ ಇದನ್ನ ಹೇಳ್ದೆ ಅಂದ್ರೆ ಅವತ್ತೇ ಮಧ್ಯಾಹ್ನ ಎರಡನೇ ಟೇಸ್ಟಿಂಗ್ ಇದ್ದದ್ದು ಕಾಫಿದು, ನಾಪೋಕ್ಲು ದಾಟಿದ ಮೇಲೆ ಒಂದು ಎಸ್ಟೇಟಲ್ಲಿ. ಇದನ್ನ ಮಾತ್ರ ಬಹಳ ಶಿಸ್ತಾಗಿ ಮಾಡಿದ್ರು. ತೋಟದ ಯಜಮಾನರ ಮಗ, ತೂಕದ ಯಂತ್ರ ಇಟ್ಕೊಂಡು, 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನಾಲ್ಕು ನಿಮಿಷ ಮುಟ್ಟಂಗಿಲ್ಲ, ಆಮೇಲೆ ಮೇಲೆ ಕಟ್ಟಿದ ಕೆನೆಯಂಥ ಪುಡಿಯನ್ನ ಸ್ಪೂನಲ್ಲಿ ಒಡೆದು ಮೂಗು ಹತ್ತಿರ ಇಟ್ಟು ಮೂಸ್ಬೇಕು, ಆಮೇಲೆ ಸ್ಪೂನಿಂದ ಸುರ್‍ರ್ ಅಂತ ಜೋರಾಗಿ ಸದ್ದು ಮಾಡ್ಕೊಂಡು ಎಳೀಬೇಕು. ಸದ್ದು ಮಾಡಿ ಕುಡಿದ್ರೆ ಅಮ್ಮನ ಕೈಲಿ ಏಟು ತಿಂದವರು ನಾವು, ಇಲ್ಲಿ ಸದ್ದು ಮಾಡದಿದ್ರೆ ತಪ್ಪು. ಅರೇಬಿಕಾ ಎರಡು ಥರ, ರೋಬಸ್ಟಾ ಒಂದು. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು) ಬಂದಿದೆ, ಅದನ್ನ ಹೆಮ್ಮೆಯಿಂದ ಹೇಳಿದ, ಆದ್ರೆ "ನಮ್ಮ ಜಿಲ್ಲೆಯ ಹೊಟ್ಟೆ ತುಂಬಿಸ್ತಿರೋದು ರೋಬಸ್ಟಾ ಮೇಡಂ" ಅಂತಲೂ ಅಂದ. ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು, ಅದಕ್ಕೇ ಕಹಿ ಗಟ್ಟಿ. ಯಜಮಾನರ ಮಗ ಓದ್ಕೊಂಡಿದಾನೆ, ತೋರಿಸ್ಕೊಳ್ಳಲ್ಲ. ಆದ್ರೂ ಒಂದು ಮಾತು, ಅವತ್ತಿನ ಕಾಫಿಯಲ್ಲಿ ನನ್ನ ನಾಲಿಗೆ ಮೇಲೆ ಉಳಿದದ್ದು ಅಜ್ಜಿದು. ಬೆನ್ನು ಬಿದ್ದುಹೋಗೋವಾಗ ಕುಡಿದದ್ದಕ್ಕೆ ಇರಬಹುದು ಬಿಡಿ.

ಸಂಜೆ ಐದಕ್ಕೆ ಕಕ್ಕಬ್ಬೆ. ಹೋಂಸ್ಟೇ ಅಂದ್ರೆ ನಿಜವಾಗ್ಲೂ ಮನೆ, ಬೋರ್ಡು ಕೂಡ ಇಲ್ಲ. ಆಂಟಿ, ಅಂಕಲ್ ಇಬ್ರೇ, ಮಕ್ಕಳು ಹೊರಗಡೆ. ಬ್ಯಾಗ್ ಹೊತ್ಕೊಂಡು ಬಂದದ್ದು ನೋಡಿ ಆಂಟಿ ಟೂರಿನವರಿಗೆ ಫೋನ್ ಹಚ್ಚಿ ಕೊಡವ ತಕ್ಕಿನಲ್ಲಿ (ಕೊಡವರ ಭಾಷೆ) ಏನು ಬೈದ್ರೋ ಪೂರ್ತಿ ಅರ್ಥ ಆಗ್ಲಿಲ್ಲ, ಮಾರನೇ ದಿನದಿಂದ ಜೀಪು ಆರೂವರೆಗೇ ಬಂದು ನಿಲ್ತಿತ್ತು.

ಊಟಕ್ಕೆ ಪಂದಿ ಕರಿ ಅಂದ್ರೆ ಹಂದಿ ಮಾಂಸದ ಸಾರು, ಜೊತೆಗೆ ಕಡಂಬುಟ್ಟು, ಅಕ್ಕಿ ತರಿಯ ಉಂಡೆ. ನಾವು ತಿನ್ನಲ್ಲ ಅಂದ ದಾವಣಗೆರೆಯವರಿಗೆ ಅಣಬೆ ಇಲ್ಲದ ಕಾಲ ಅಂತ ಬೇಜಾರು ಮಾಡ್ಕೊಂಡು ಕುಂಬಳಕಾಯಿ ಪಲ್ಯ, ಅಕ್ಕಿ ಒಟ್ಟಿ ಮಾಡ್ಕೊಟ್ರು. ಪಂದಿ ಕರಿಗೆ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡೋ ಕಪ್ಪು ಹುಳಿ) ಹಾಕಿದ್ದು ಬಣ್ಣದಲ್ಲೇ ಗೊತ್ತಾಗ್ತಿತ್ತು, ಹೋಟ್ಲಲ್ಲಿ ವಿನಿಗರ್ ಹಾಕಿ ಮೋಸ ಮಾಡ್ತಾರಲ್ಲ ಹಾಗಲ್ಲ. ಈಗ ವಿಷಯಕ್ಕೆ ಬರ್ತೀನಿ.

ಅಡುಗೆಮನೆ ಹಿಂದೆ ಒಂದು ಕತ್ತಲೆ ಕೋಣೆ. ನೆಲದಲ್ಲಿ ಗೋಣಿಚೀಲ ಹಾಸಿ ಅದರ ಮೇಲೆ ಸಾಲಾಗಿ ಐದು ಭರಣಿ, ಉಪ್ಪಿನಕಾಯಿ ಹಾಕ್ತಾರಲ್ಲ ಆ ಬಿಳಿ ಕಂದು ಪಿಂಗಾಣಿದು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮೇಲೊಂದು ತಟ್ಟೆ. ಆಂಟಿ ಒಂದರ ಬಟ್ಟೆ ಬಿಚ್ಚಿ "ಕಿವಿ ಇಟ್ಟು ಕೇಳಿ" ಅಂದ್ರು. ಬಗ್ಗಿದೆ. ಸಣ್ಣಗೆ ಚಿಟಚಿಟ ಚಿಟಚಿಟ, ಮಳೆ ನಿಂತ ಮೇಲೆ ಒಣ ಎಲೆ ಮೇಲೆ ಹನಿ ಬೀಳ್ತಾವಲ್ಲ ಹಾಗೆ. ಈಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ ಅಂತ ಹದಿನಾರು ವರ್ಷದಿಂದ ಬೋರ್ಡ್ ಮೇಲೆ ಸಮೀಕರಣ ಬರೀತಿದೀನಿ, ಅದರ ಸದ್ದು ಕೇಳಿದ್ದು ಅವತ್ತೇ ಮೊದಲು.

ಅವರ ಲೆಕ್ಕ ಕೇಳಿ ಬರ್ಕೊಂಡೆ. ಎರಡು ಕಿಲೋ ಬೆಟ್ಟದ ನೆಲ್ಲಿಕಾಯಿ, ಎರಡು ಕಿಲೋ ಸಕ್ಕರೆ, ಕಾಯಿಸಿ ಆರಿಸಿದ ನೀರು ನಾಲ್ಕು ಲೀಟರ್ ಚಿಲ್ಲರೆ, ಒಂದು ಹಿಡಿ ಗೋಧಿ, ಒಂದು ಚಮಚ ಈಸ್ಟು, ನಾಲ್ಕು ಲವಂಗ, ಒಂದು ತುಂಡು ಚಕ್ಕೆ. ದಿನಾ ಒಂದೇ ಹೊತ್ತಿಗೆ ಮರದ ಸೌಟಲ್ಲಿ ತಿರುಗಿಸ್ಬೇಕು, ಒಂದೇ ದಿಕ್ಕಿಗೆ ಅಂತೆ (ಇದಕ್ಕೆ ಕೆಮಿಸ್ಟ್ರಿ ಏನೂ ಇಲ್ಲ, ಆದ್ರೆ ಆಂಟಿ ಹತ್ರ ವಾದ ಮಾಡೋ ಧೈರ್ಯ ನನಗಿಲ್ಲ). 21 ದಿನ ಆದ ಮೇಲೆ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ, ಇನ್ನೊಂದು 21 ದಿನ ಅಲುಗಾಡಿಸ್ದೆ ಇಟ್ಟು, ಅಡಿಯಲ್ಲಿ ಕೂತ ಮಡ್ಡಿ ಬಿಟ್ಟು ಮೇಲಿನ ತಿಳಿ ತೆಗೀಬೇಕು.

ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕ್ದೆ. ಎಲ್ಲ ಸೇರಿ ಐದು ಲೀಟರ್ ಅಂತಿಟ್ಕೊಂಡ್ರೆ ಲೀಟರಿಗೆ 400 ಗ್ರಾಂ ಸಕ್ಕರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದ್ರೆ ಒಂದು ಪರ್ಸೆಂಟ್ ಆಲ್ಕೋಹಾಲ್. ಸಾಮಾನ್ಯ ಬೇಕರಿ ಈಸ್ಟು ಎಷ್ಟು ಪರದಾಡಿದ್ರೂ 12, 14 ಪರ್ಸೆಂಟಿಗೆ ಸುಸ್ತಾಗಿ ಕೂರುತ್ತೆ, ತಾನೇ ಮಾಡಿದ ಆಲ್ಕೋಹಾಲು ಅದಕ್ಕೇ ವಿಷ. ಅಂದ್ರೆ ಖರ್ಚಾಗೋದು ಹೆಚ್ಚೆಂದ್ರೆ 240 ಗ್ರಾಂ, ಮಿಕ್ಕ 160 ಗ್ರಾಂ ಹಾಗೇ ಉಳಿಯುತ್ತೆ. ಕೋಲಾ ಬಾಟ್ಲಲ್ಲೇ ಲೀಟರಿಗೆ 100 ಗ್ರಾಂ ಚಿಲ್ಲರೆ ಇರೋದು. ಮಡಿಕೇರಿ ಅಂಗಡಿಯ ಒಂಬತ್ತೂ ಯಾಕೆ ಒಂದೇ ಥರ ಸಿಹಿ ಅನ್ನೋದಕ್ಕೆ ಉತ್ತರ ಇಲ್ಲಿದೆ, ಸಕ್ಕರೆ ಅಷ್ಟಿದ್ರೆ ಹಣ್ಣು ಯಾವುದಾದ್ರೇನು. ನೆಲ್ಲಿಕಾಯಿ ಗೆಲ್ಲೋದು ಯಾಕೆ ಅಂದ್ರೆ ಅದರ ಹುಳಿ, ಒಗರು ಎರಡೂ ಜೋರು, ಅಷ್ಟು ಸಕ್ಕರೆಗೂ ಬಗ್ಗಲ್ಲ. ಆಂಟಿ ಕೊಟ್ಟದ್ದು ಎರಡು ವರ್ಷದ ಹಳೇದು, ಜೇನಿನ ಬಣ್ಣ, ಸ್ಟೀಲ್ ಲೋಟದಲ್ಲಿ. ಮೊದಲು ಸಿಹಿ, ಆಮೇಲೆ ಹುಳಿ, ನುಂಗಿದ ಮೇಲೆ ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತಲ್ಲ ಆ ಇನ್ನೊಂದು ಸಿಹಿ. ನಾನು ಎರಡು ಲೋಟ. ತಂಗಿ ಲೆಕ್ಕ ಹೇಳಿಲ್ಲ.

ಮಾರಲ್ವಾ ಆಂಟಿ ಅಂತ ಕೇಳ್ದೆ. "ಮಾರೋದಕ್ಕೆ ಅಬಕಾರಿ ಲೈಸೆನ್ಸ್ ಬೇಕು, ಅದೆಲ್ಲ ಯಾರು ಓಡಾಡ್ತಾರೆ. ಬಂದವರಿಗೆ, ಹೋದವರಿಗೆ, ಮದುವೆ ಮನೆಗೆ, ಅಷ್ಟೇ" ಅಂದ್ರು.

ಮೂರನೇ ದಿನ ತಡಿಯಂಡಮೋಳ್. 1,748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ಹತ್ರ ಜೀಪು ಇಳಿಸ್ತು, ಮೊದಲು ಅರಮನೆ ನೋಡಿದ್ವಿ. 1792ರ ಹೊತ್ತಿಗೆ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಅರಮನೆ ಅಂದ್ರೆ ಮೈಸೂರು ಅರಮನೆ ನೆನಪಿಸ್ಕೋಬೇಡಿ, ಹೆಂಚಿನ ದೊಡ್ಡ ಮನೆ, ಒಳಗೆ ಗೋಡೆ ಚಿತ್ರ, ಮರದ ಕೆತ್ತನೆ, ಕಾಡಿನ ಮಧ್ಯ ಅಡಗಿ ಕೂರೋಕೆ ಹೇಳಿ ಮಾಡಿಸಿದ ಜಾಗ. 1834ರಲ್ಲಿ ಬ್ರಿಟಿಷರು ಬಂದಾಗ ಕೊನೇ ರಾಜ ಚಿಕ್ಕವೀರರಾಜೇಂದ್ರ ಓಡಿಬಂದು ಸೇರ್ಕೊಂಡಿದ್ದು ಇಲ್ಲೇ. ಆಮೇಲೆ ನಡಿಗೆ. ಮೊದಲು ತೋಟದ ಮಧ್ಯದ ರೋಡು, ಆಮೇಲೆ ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು), ಕೊನೆಗೆ ಹುಲ್ಲುಗಾವಲು, ಕೊನೇ ಏರು ಕಾಲಿನ ಮೀನಖಂಡಕ್ಕೆ ಪರೀಕ್ಷೆ. ಮೇಲೆ ಗಾಳಿ ಬಿಟ್ರೆ ಏನಿಲ್ಲ, ಅದೇ ಚೆಂದ. ಅರಣ್ಯ ಇಲಾಖೆ ಅನುಮತಿ ಮೊದಲೇ ನೋಡ್ಕೊಂಡು ಹೋಗಿ, ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುತ್ತೆ ಅಂತ ಮುಚ್ಚೋದೂ ಉಂಟು, ಟೂರಿನವರು ಈ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮಾಡಿಟ್ಟಿದ್ರು. ಬೆಟ್ಟದ ತುದಿಯಲ್ಲಿ 'ಸನ್‌ಸೆಟ್ ಟೇಸ್ಟಿಂಗ್' ಅಂತ ಜಾಹೀರಾತಲ್ಲಿತ್ತು. ಕಾಡಲ್ಲಿ ಮದ್ಯ ಒಯ್ಯೋ ಹಾಗಿಲ್ಲ, ಸಂಜೆ ಮೇಲೆ ಇರೋ ಹಾಗೂ ಇಲ್ಲ, ಹಾಗಾದ್ರೆ ಆ ಸಾಲು ಯಾಕೆ ಬರೆದ್ರು? ಅದರ ಬದಲಿಗೆ ಕೆಳಗೆ ಬಂದ ಮೇಲೆ ಕಕ್ಕಬ್ಬೆ ಜೇನು ನೆಕ್ಕಿಸಿದ್ರು, ಆರರಲ್ಲಿ ಒಂದು ಟೇಸ್ಟಿಂಗ್ ಅಂತ ಲೆಕ್ಕಕ್ಕೆ ಹಿಡಿದ್ರು. ಜೇನು ಒಳ್ಳೇದೇ, ಲೆಕ್ಕ ಮಾತ್ರ ಒಳ್ಳೇದಲ್ಲ.

ಕೊನೇ ದಿನ ಕಡಂಗ, ವಿರಾಜಪೇಟೆ, ಅಮ್ಮತ್ತಿ ಮೇಲೆ ಸಿದ್ದಾಪುರ. ಅಮ್ಮತ್ತಿ ತನಕ ಸೈಕಲ್, ಅಲ್ಲಿ ಹುಡುಗ ಕೈ ಅಡ್ಡ ಹಿಡಿದ. ತೋಟಕ್ಕೆ ಆನೆ ಬಂದಿದೆ ಅಂತ ಅವನ ಫೋನಿಗೆ ಮೆಸೇಜು. ಆ ಕಡೆ ತೋಟಗಳಲ್ಲಿ ಆನೆ ಅನ್ನೋದು ಟೂರಿಸ್ಟ್ ಖುಷಿ ಪಡೋ ವಿಷಯ ಅಲ್ಲ, ಕೆಲಸಕ್ಕೆ ಹೊರಟವರು ಮನೆಗೆ ವಾಪಸ್ ಬರದಿರೋ ವಿಷಯ. ದಾವಣಗೆರೆ ಹುಡುಗ ನೋಡೋಣ ನೋಡೋಣ ಅಂದ, ನಮ್ಮ ಗೈಡು ಒಂದೇ ಮಾತು, "ಸೈಕಲ್ ಜೀಪಿಗೆ ಹಾಕಿ ಸಾರ್." ಈ ಒಂದು ಮಾತಿಗೆ ನಾನು ಅವನಿಗೆ ಬೇರೆಯಾಗಿ ಐದು ಸ್ಟಾರ್ ಕೊಡ್ತೀನಿ.

ಸಿದ್ದಾಪುರದ ಹತ್ರ ಒಂದು ರೆಸಾರ್ಟಲ್ಲಿ ಕೊನೇ ಟೇಸ್ಟಿಂಗ್, ಇದು ದೊಡ್ಡ ಮಟ್ಟದ್ದು. ಬಿಳಿ ಬಟ್ಟೆ ಹಾಸಿದ ಮೇಜು, ಉದ್ದ ಕಾಲಿನ ಗ್ಲಾಸು, ಕೋಟು ಹಾಕಿದ ಎಕ್ಸ್‌ಪರ್ಟು. ನಂದಿಬೆಟ್ಟದ ಕಡೆಯ ವೈನು, ಸಿಹಿ ಇಲ್ಲದ್ದು, ಲೇಬಲ್ಲಲ್ಲಿ ಪರ್ಸೆಂಟು, ವರ್ಷ ಎಲ್ಲ ಇತ್ತು, ಜೀವ ಬಂತು. ಅವರು ಗ್ಲಾಸು ತಿರುಗಿಸ್ತಾ ಒದ್ದೆ ಮಣ್ಣು, ಚರ್ಮ, ಒಣ ಹಣ್ಣು ಅಂತ ಹೇಳ್ತಾ ಹೋದ್ರು, ಟ್ಯಾನಿನ್ ಅನ್ನೋದನ್ನ ವಿವರಿಸೋಕೆ ಮಾತ್ರ ಬಹಳ ಒದ್ದಾಡಿದ್ರು, ಬಾಯಿ ಡ್ರೈ ಆಗುತ್ತೆ, ವೆಲ್ವೆಟ್ ಥರ, ಅದು ಇದು. ಹಿಂದೆ ನಿಂತಿದ್ದ ನಮ್ಮ ಹುಡುಗ, ಅವನಿಗೆ ಯಾರೂ ಗ್ಲಾಸು ಕೊಟ್ಟಿರ್ಲಿಲ್ಲ, ನಾನೇ ನನ್ನದು ಕೊಟ್ಟೆ. ಒಂದು ಗುಟುಕು ಕುಡಿದು "ಒಗರು ಅಕ್ಕ. ಅಡಿಕೆ ಚೊಗರು ಇದ್ದ ಹಾಗೆ" ಅಂದ. ಮುಗೀತಲ್ಲ! ಅರ್ಧ ಗಂಟೆ ಪಾಠ ಒಂದು ಪದದಲ್ಲಿ. ಎಕ್ಸ್‌ಪರ್ಟು ಆ ಪದ ಬರ್ಕೊಂಡ್ರು, ಅದಕ್ಕೆ ಅವರ ಮೇಲೆ ಗೌರವ ಬಂತು.

ಹೋಗ್ಬೇಕಾ ಅಂತ ಕೇಳಿದ್ರೆ, ಸೈಕಲ್ ಹೊಡೆಯೋ ಅಭ್ಯಾಸ ಇದ್ರೆ, ಗುಂಡಿಗೆ ಗಟ್ಟಿ ಇದ್ರೆ, ಫೆಬ್ರವರಿಯಲ್ಲಿ ಹೋಗಿ. ಈ ಹುಡುಗನನ್ನೇ ಗೈಡ್ ಕೊಡಿ ಅಂತ ಹಟ ಮಾಡಿ. ವೈನ್ ಅನ್ನೋ ಪದ ನೋಡಿ ಮಾತ್ರ ಬುಕ್ ಮಾಡೋದಾದ್ರೆ ಬೇಡ, 13,800ಕ್ಕೆ ಆರು ಟೇಸ್ಟಿಂಗಲ್ಲಿ ನಿಜವಾಗ್ಲೂ ಟೇಸ್ಟಿಂಗ್ ಅನ್ನಿಸ್ಕೊಂಡಿದ್ದು ಮೂರು, ಒಂದು ಅಂಗಡಿ ವ್ಯಾಪಾರ, ಒಂದು ಜೇನು, ಇನ್ನೊಂದು ನಡೀಲೇ ಇಲ್ಲ. ಕೇಳಿದ್ಮೇಲೆ ತಲೆಗೆ 1,000 ವಾಪಸ್ ಕೊಟ್ರು, ಜೀಪಿನ ಬಗ್ಗೆ ಸಾರಿನೂ ಕೇಳಿದ್ರು. ಒಟ್ಟು ಐದಕ್ಕೆ ಮೂರೂವರೆ, ಅದರಲ್ಲಿ ಒಂದೂವರೆ ಕಕ್ಕಬ್ಬೆ ಆಂಟಿದು.

ಆ ಆಂಟಿ ಹೊರಡೋವಾಗ ಒಂದು ಬಾಟ್ಲು ಕೊಟ್ಟಿದ್ರು ಅಂತ ಹೇಳೋದು ಮರೆತೆ. ಹಳೇದಲ್ಲ, ತಂಗಿ ಇಷ್ಟಪಟ್ಟಳು ಅಂತ ಎಳೇ ಭರಣಿದು, ನಾಲಿಗೆ ಮೇಲೆ ಸ್ವಲ್ಪ ಚುರುಗುಟ್ಟೋದು. "ಬಿರಡೆ ಬಿಗಿ ಹಾಕ್ಬೇಡಿ, ಬಟ್ಟೆ ಕಟ್ಟಿ ನೆಟ್ಟಗೆ ಹಿಡ್ಕೊಂಡು ಹೋಗಿ" ಅಂತ ಎರಡು ಸಲ ಹೇಳಿದ್ರು. ಬ್ಯಾಗಲ್ಲಿ ಚೆಲ್ಲಿದ್ರೆ ಅಂತ ನಾನು, ಕೆಮಿಸ್ಟ್ರಿ ಮೇಡಂ, ಬಿರಡೆಯನ್ನ ಕಲ್ಲಲ್ಲಿ ಕುಟ್ಟಿ ಕೂರಿಸಿ ಬ್ಯಾಗಿನ ತಳಕ್ಕೆ ಹಾಕ್ದೆ. ಸಿದ್ದಾಪುರದಿಂದ ಕುಶಾಲನಗರಕ್ಕೆ ಖಾಸಗಿ ಬಸ್ಸು, ಮಧ್ಯಾಹ್ನ ಮೂರು ಗಂಟೆ ಬಿಸಿಲು, ಬ್ಯಾಗು ಇಂಜಿನ್ ಪಕ್ಕ. ಗುಡ್ಡೆಹೊಸೂರು ಹತ್ರ ಬರೋವಾಗ ಢಬ್ ಅಂತ ಸದ್ದು. ಡ್ರೈವರ್ ಟೈರ್ ಹೋಯ್ತು ಅಂತ ಬ್ರೇಕ್ ಹಾಕಿದ. ನನ್ನ ಬ್ಯಾಗಿಂದ ನೊರೆ ಸೀಟಿನ ಕೆಳಗೆ ಹರಿದು ಮುಂದಿನವರ ಚಪ್ಪಲಿ ತನಕ ಹೋಯ್ತು, ಬಸ್ಸೆಲ್ಲ ಘಮಘಮ. ಕಂಡಕ್ಟರ್ ಬಗ್ಗಿ ಮೂಸಿ ನೋಡಿದ.

"ಎಂಥ ಮೇಡಂ ಇದು?"

"ನೆಲ್ಲಿಕಾಯಿ" ಅಂದೆ.

"ಉಪ್ಪಿನಕಾಯಾ?"

"ಹ್ಞೂಂ" ಅಂದಳು ತಂಗಿ.

ಆತ ಇನ್ನೊಂದು ಸಲ ಮೂಸಿದ. "ರೆಸಿಪಿ ಕೊಡಿ ಮೇಡಂ" ಅಂದ.